ಕಡಲ ತಳಕ್ಕಿಳಿದ ಬೈರಿಗೆ

ಹೊಲಕ್ಕೆ ನೀರೂ ಹಸಿದವರಿಗೆ ಅನ್ನವೂ ಸಾಲದಿರುವ ಲೋಕದಲ್ಲಿ, ಕಡಲ ತಳವನ್ನು ಕೊರೆದು ಅಲ್ಲಿಯ ಕೆಸರನ್ನು ಮೇಲಕ್ಕೆ ತರುವುದಕ್ಕಾಗಿ ಹಣವನ್ನು ವೆಚ್ಚಮಾಡುವುದು ವಿವೇಕವೇ ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೂ ಇದಕ್ಕೆ ತಕ್ಕ ಉತ್ತರವುಂಟೆಂದೂ, ಅದು ಕಡಲ ಕರೆಯಲ್ಲಿ ವಾಸಿಸುವವರೆಲ್ಲರಿಗೂ ಸಂಬಂಧಪಟ್ಟುದೆಂದೂ ನಮ್ಮ ಅಭಿಪ್ರಾಯ.

ಮೊದಲು ಆ ಯಂತ್ರವು ಎಂಥದೆಂಬುದನ್ನು ತಿಳಿಯತಕ್ಕದ್ದು. ದೊಡ್ಡ ಹಡಗಿನಿಂದ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಕಡಲ ತಳದ ವರೆಗೂ ಇಳಿಬಿಟ್ಟು ಕೊರೆಯುವುದು ಹಳೆಯ ಕ್ರಮ. ತೆರೆಗಳಿಂದ ಹಡಗು ಏರಿಳಿಯುವಾಗ ಕೊಳವೆಯೂ ಅಲುಗಿ, ತೆಗೆದ ಮಾದರಿಯು ಕೆಡುವ ಭಯವು ಇದರಲ್ಲುಂಟು. ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾನಿಲಯದ ಮಾರುಮ್ ಎಂಬ ಸಂಸ್ಥೆಯವರು ಕೊರೆಯುವ ಯಂತ್ರವನ್ನೇ ತಳಕ್ಕೆ ಇಳಿಸಿದರು. 2005ರಲ್ಲಿ ಮೊದಲು ಕಡಲಿಗಿಳಿದ ಅವರ ‘ಮೇಬೋ’ ಯಂತ್ರವು ಸುಮಾರು 10 ಟನ್ನು ತೂಕವುಳ್ಳದ್ದು. 2000 ಮೀಟರು ಆಳದ ನೀರಿನಲ್ಲಿ ನಾಲ್ಕು ಕಾಲುಗಳನ್ನು ಚಾಚಿ ನಿಂತು, ನೆಲದೊಳಕ್ಕೆ 70 ಮೀಟರಿನಷ್ಟು ಕೊರೆಯಬಲ್ಲದು. ಬೇಕಾದ ಕೊಳವೆಗಳೆಲ್ಲವೂ ಬತ್ತಳಿಕೆಯ ಬಾಣಗಳಂತೆ ಅದರಲ್ಲಿಯೇ ಇರುತ್ತವೆ. ಹಡಗಿನಿಂದ ಇಳಿದ ಒಂದೇ ಕೇಬಲ್ಲು ಅದಕ್ಕೆ ವಿದ್ಯುಚ್ಛಕ್ತಿಯನ್ನು ಒದಗಿಸಿ, ತಳದ ಚಿತ್ರಗಳನ್ನು ಮೇಲಕ್ಕೆ ಕಳುಹಿಸುತ್ತದೆ. ಹಡಗಿನ ಮೇಲಿನ ಕೋಣೆಯಲ್ಲಿ ಕುಳಿತವರು ಆ ಚಿತ್ರಗಳನ್ನು ನೋಡುತ್ತಾ ಯಂತ್ರವನ್ನು ನಡಿಸುತ್ತಾರೆ.

2017ರಲ್ಲಿ ಈ ಯಂತ್ರವನ್ನು ‘ಪೋಲಾರ್‌ಷ್ಟರ್ನ್’ ಎಂಬ ಹಡಗಿನಿಂದ ಪಶ್ಚಿಮ ಅಂಟಾರ್ಕ್ಟಿಕದ ಅಮುಂಡ್ಸೆನ್ ಸಮುದ್ರದಲ್ಲಿ ಇಳಿಸಿದರು. ಅಲ್ಲಿಯ ಒಂದು ಸ್ಥಳದಲ್ಲಿ ಕಡಲ ನೆಲದಿಂದ 27 ಮೀಟರಿಗೂ ಕೆಳಗೆ, ಮೇಲಣ ಪದರಗಳಿಂದ ಬಣ್ಣದಲ್ಲಿಯೇ ಬೇರೆಯಾದ ಮಣ್ಣು ಸಿಕ್ಕಿತು. ಕ್ಷಕಿರಣಗಳಿಂದ ಪರೀಕ್ಷಿಸಲಾಗಿ ಅದರೊಳಗೆ ಬೇರುಗಳು ಬಲೆಯಂತೆ ಹೆಣೆದುಕೊಂಡಿದ್ದುವು. ಹೂವಿನ ಪರಾಗವೂ ಇತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ, ದಕ್ಷಿಣ ಧ್ರುವದಿಂದ ಕೇವಲ 900 ಕಿಲೋಮೀಟರು ದೂರದಲ್ಲಿ, ಚಳಿಗಾಲದಲ್ಲಿ ನಾಲ್ಕು ತಿಂಗಳು ಸೂರ್ಯನನ್ನೇ ಕಾಣದ ಆ ಸ್ಥಳದಲ್ಲಿ ಜೌಗು ನೆಲದ ಕಾಡು ಬೆಳೆದಿತ್ತೆಂದು ಯೋಹಾನ್ ಕ್ಲಾಗೆಸ್ ಮತ್ತು ಅವರ ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಅಲ್ಲಿಯ ವರ್ಷದ ಸರಾಸರಿ ಉಷ್ಣತೆಯು ಸುಮಾರು 12 ಡಿಗ್ರಿ ಸೆಲ್ಸಿಯಸ್ ಇದ್ದಿರಬೇಕೆಂದು ಅವರ ಗಣನೆ. ಗಾಳಿಯಲ್ಲಿ ಇಂಗಾಲಾಮ್ಲ ವಾಯುವು ಇಂದಿಗಿಂತ ಬಹಳ ಹೆಚ್ಚಾಗಿದ್ದು, ನೆಲವನ್ನು ಮಂಜುಗಡ್ಡೆಯು ಮುಚ್ಚದೆ ಇದ್ದುದರಿಂದಲೇ ಅದು ಸಾಧ್ಯವಾಯಿತೆಂದು ಅವರು ತಿಳಿಸಿದ್ದಾರೆ.

ಇದು ಬರೇ ಕುತೂಹಲದ ಸಂಗತಿಯಲ್ಲ. ಯಾಕಂದರೆ ಮನುಷ್ಯನು ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಅದೇ ವಾಯುವನ್ನು ಗಾಳಿಗೆ ತುಂಬುತ್ತಿದ್ದಾನೆ. ಪಶ್ಚಿಮ ಅಂಟಾರ್ಕ್ಟಿಕದ ಮಂಜುಗಡ್ಡೆಯೆಲ್ಲಾ ಕರಗಿದರೆ ಲೋಕದ ಕಡಲುಗಳು ಮೂರು ಮೀಟರಿಗೂ ಹೆಚ್ಚು ಏರುವವು. ಆಗ ಕಾರವಾರವಾಗಲಿ ಮಂಗಳೂರಾಗಲಿ ಅದರ ಪಾಲಿನಿಂದ ತಪ್ಪಿಸಿಕೊಳ್ಳಲಾರದು. ಆ ಮಂಜು ಎಷ್ಟು ಬಿಸಿಗೆ ನಿಲ್ಲುವುದು, ಎಷ್ಟಕ್ಕೆ ಸೋಲುವುದು ಎಂಬುದಕ್ಕೆ ಸಾಕ್ಷಿಯು ಕಡಲ ತಳದ ಮಣ್ಣಿನಲ್ಲಿಯೇ ಅಡಗಿದೆ. ಸಾಕ್ಷಿಯನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲವಷ್ಟೆ?

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. 3000 ಮೀಟರು ನೀರಿನ ಕೆಳಗೆ, ನೆಲದೊಳಕ್ಕೆ 100 ಮೀಟರು ಕೊರೆಯತಕ್ಕ ಯಂತ್ರವನ್ನು ಚೆನ್ನೈಯ ರಾಷ್ಟ್ರೀಯ ಸಮುದ್ರ ತಂತ್ರಜ್ಞಾನ ಸಂಸ್ಥೆಯವರು ರೂಪಿಸಿದ್ದಾರೆ. ಕಡಲ ತಳದಲ್ಲಿ ಮಂಜಿನಂತೆ ಹೆಪ್ಪುಗಟ್ಟಿರುವ ಮೀಥೇನ್ ಅನಿಲವನ್ನು ಹುಡುಕುವುದು ಅದರ ಮುಖ್ಯ ಉದ್ದೇಶ. ಇಂಧನವನ್ನು ಹುಡುಕುವುದು ತಪ್ಪೆಂದು ನಾವು ಹೇಳೆವು. ಆದರೆ ಲಾಭಕ್ಕಾಗಿ ಇಳಿಯುವ ಬೈರಿಗೆಯು ಜ್ಞಾನಕ್ಕಾಗಿಯೂ ಇಳಿಯಬೇಕು. ನಮ್ಮ ಕಡಲುಗಳ ಪೂರ್ವಚರಿತ್ರೆಯನ್ನೂ ಮೇಲಕ್ಕೆ ತರಬೇಕು. ಅದಕ್ಕೆ ತಗಲುವ ವೆಚ್ಚವು, ಅರಿಯದೆ ಕಡಲಿಗೆ ಊರನ್ನು ಒಪ್ಪಿಸುವ ವೆಚ್ಚಕ್ಕಿಂತ ಬಹಳ ಕಡಿಮೆ.

ಇಂಥ ಕೆಲಸಕ್ಕೆ ತೋಳ್ಬಲವು ಬೇಡ. ತಾಳ್ಮೆ, ಚುರುಕಾದ ಕಣ್ಣು, ಗಣಿತದ ಅಭ್ಯಾಸ ಇವೇ ಸಾಕು. ಆದುದರಿಂದ ಇಂದು ನಮ್ಮ ತರಗತಿಗಳಲ್ಲಿ ಭೂಗೋಳವನ್ನು ಓದುತ್ತಿರುವ ಬಾಲಿಕೆಯರಲ್ಲಿ ಕೆಲವರಾದರೂ ಮುಂದೆ ಹಡಗಿನ ಆ ಕೋಣೆಯಲ್ಲಿ ಕುಳಿತು ಕಡಲ ತಳವನ್ನು ಪ್ರಶ್ನಿಸುವವರಾಗಲೆಂದು ನಾವು ಹಾರೈಸುತ್ತೇವೆ.