ಕಾಯುವ ಶಕ್ತಿ ಯಾರಿಗಿದೆ?

ಬುಕ್ಕಾಂಬುಧಿ ಸುತ್ತಿನಲ್ಲಿ ಅಡಿಕೆ ಕೊಯ್ಲು ಶುರುವಾದರೆ ಒಂದೇ ತೋಟದ ಕೆಲಸಕ್ಕೆ ಎರಡು ಬಗೆಯ ಕೂಲಿ ನಡೆಯುತ್ತದೆ. ಮರ ಹತ್ತಿ ಕೊನೆ ಇಳಿಸುವವರು ತಮ್ಮ ದರ ತಾವೇ ಹೇಳುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೂ ಹಸಿ ಅಡಿಕೆ ಸುಲಿಯುವ ಹೆಂಗಸರಿಗೆ ಮಾತ್ರ ದರವನ್ನು ಬೇರೆಯವರು ಹೇಳುತ್ತಾರೆ.

ಹತ್ತುವವರು ವಿರಳ, ಸುಲಿಯುವವರು ಬೇಕಾದಷ್ಟು ಎಂಬುದು ಎಲ್ಲರೂ ಕೊಡುವ ವಿವರಣೆ. ನನಗದು ಅರ್ಧ ಸತ್ಯ. ಕೊಯ್ದ ಕಾಯಿ ದಿನಗಟ್ಟಲೆ ಕಾಯುವುದಿಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಮಾಲು ಕೆಡುತ್ತದೆ. ಆ ರಾತ್ರಿ ಸುಲಿಯುವ ಕೈಗಳಿಗೂ ಹತ್ತುವ ಕಾಲುಗಳಷ್ಟೇ ಬೆಲೆಯಿದೆ. ಅದು ಕೂಲಿಯಾಗಿ ಕೈಸೇರದಿರುವುದು ಏಕೆಂದರೆ ಪ್ರತಿಯೊಬ್ಬಳೂ ಒಂಟಿಯಾಗಿ ಮಾತಾಡಬೇಕು, ಅದೂ ಎಷ್ಟೋ ಸಲ ಅದೇ ಮನೆಯಿಂದ ಮುಂಗಡ ತಂದವಳಾಗಿ. ನಾಳೆಯ ಅಕ್ಕಿಗೆ ಇವತ್ತಿನ ಕೂಲಿಯೇ ಬೇಕಾದವಳು ಕಾಯಲಾರಳು. ಮಾಲೀಕ ಹೆಚ್ಚು ದಿನ ತಡೆದುಕೊಳ್ಳಬಲ್ಲ, ಕೆಲಸಗಾರ ತಡೆಯಲಾರ ಎಂದು ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ.

ಇದು ಬೆಳೆಗಾರರಿಗೆ ಗೊತ್ತಿಲ್ಲದ ಪಾಠವಲ್ಲ. ವ್ಯಾಪಾರಿ ಹೇಳಿದ ಬೆಲೆಗೆ ಒಂಟಿಯಾಗಿ ಮಾರಿ ಸೋತವರೇ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಕಟ್ಟಿದರು, 1973ರಲ್ಲಿ ಮಂಗಳೂರಿನಲ್ಲಿ ಅಂಥದೇ ಕ್ಯಾಂಪ್ಕೊ ಕಟ್ಟಿದರು. ಬೆಲೆ ಬರುವವರೆಗೆ ಮಾಲು ಇಟ್ಟುಕೊಂಡು ಕಾಯುವ ಶಕ್ತಿ ಅವರಿಗೆ ಸಿಕ್ಕಿದ್ದು ಸಂಘದಿಂದ. ಅದೇ ಕೆಲಸವನ್ನು ಸುಲಿಯುವವರು ಮಾಡಿದರೆ ಮಾತ್ರ 'ಆಳುಗಳು ಮೇಲೆ ಬಂದರು' ಎಂಬ ಗೊಣಗಾಟ ಏಕೆ?

ಒಂದೆಕರೆ ತೋಟದವನ ಕಷ್ಟ ನಿಜ. ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರನ ಮುಂದೆ ಅವನೂ ಒಂಟಿಯೇ. ಆದರೆ ಅವನ ನಷ್ಟ ತುಂಬಬೇಕಾದ್ದು ಮಾರುಕಟ್ಟೆಯ ಕಡೆಯಿಂದ, ಸುಲಿಯುವವಳ ಬೆರಳಿನಿಂದಲ್ಲ. ಕೂಲಿ ಏರಿದರೆ ಸುಲಿಯುವ ಯಂತ್ರ ಬರುತ್ತದೆ ಎನ್ನುತ್ತಾರೆ. ಬಂದೇ ಇದೆ. ಅದರಿಂದ ಉಳಿಯುವ ಹಣ ಯಾರ ಪಾಲಾಗಬೇಕೆಂಬುದೂ ಚೌಕಾಸಿಯ ಪ್ರಶ್ನೆಯೇ.

ಒಂಟಿ ಹೆಂಗಸಿಗೂ 'ಈ ದರಕ್ಕೆ ಬರಲ್ಲ' ಎನ್ನುವ ಧೈರ್ಯ ಒಂದಿಷ್ಟು ಬಂದದ್ದು 2005ರ ಉದ್ಯೋಗ ಖಾತರಿ ಕಾಯ್ದೆಯಿಂದ. ವರ್ಷಕ್ಕೆ 100 ದಿನದ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕರ್ನಾಟಕದಲ್ಲಿ 2025–26ಕ್ಕೆ ದಿನಕ್ಕೆ 370 ರೂಪಾಯಿ. ಕೆಲಸ ಕೊಡುವುದು ತಡವಾಗಲಿ, ಹಣ ತಡವಾಗಲಿ, ಬೇರೊಂದು ಬಾಗಿಲು ಇದೆ ಎಂಬುದೇ ಮಾತಿಗೆ ತೂಕ ಕೊಡುತ್ತಿತ್ತು. 2025ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ತಂದ ಕಾಯ್ದೆ ದಿನಗಳನ್ನು 125ಕ್ಕೆ ಏರಿಸಿತು. ಜೊತೆಗೇ, ಬಿತ್ತನೆ ಮತ್ತು ಕೊಯ್ಲಿನ ಹೊತ್ತಿನಲ್ಲಿ ವರ್ಷಕ್ಕೆ 60 ದಿನ ಆ ಕೆಲಸ ನಿಲ್ಲಿಸಬೇಕೆಂದಿತು. ಅಂದರೆ ಕೈಗಳಿಗೆ ಬೆಲೆ ಬರುವ ದಿನಗಳಲ್ಲೇ ಆ ಬಾಗಿಲು ಮುಚ್ಚುತ್ತದೆ. ಈ 60 ದಿನದ ಕಟ್ಟಳೆ ಹೋಗಬೇಕು. ಅದನ್ನು ಗ್ರಾಮಸಭೆಯಲ್ಲಿ ಕೇಳುವಾಗ ಮ್ಯಾಮ್ಕೋಸ್ ಸದಸ್ಯರಾದ ತೋಟದವರೂ ಸುಲಿಯುವವರ ಪಕ್ಕದಲ್ಲಿ ಎದ್ದು ನಿಲ್ಲಲಿ.