ಕಿವಿಗೆ ಹಿತ್ತಾಳೆ, ಬೆರಳಿಗೆ ಬೇರೆ

ನಾನು ಮೊದಲು ಕೆಲಸಕ್ಕೆ ಸೇರಿದ ಹಳ್ಳಿಯ ಶಾಲೆಯಲ್ಲಿ ಗಂಟೆಯೆಂದರೆ ಹುಣಸೆಮರದ ಕೊಂಬೆಗೆ ತಂತಿಯಿಂದ ತೂಗುಹಾಕಿದ್ದ ರೈಲುಹಳಿಯ ಒಂದು ತುಂಡು. ಜವಾನ ಕಬ್ಬಿಣದ ಸಲಾಕೆಯಿಂದ ಹೊಡೆದರೆ ಅದರ ನಾದ ಊರಾಚೆಯ ಕೆರೆ ಏರಿಯವರೆಗೂ ಕೇಳುತ್ತಿತ್ತು. ಒಂದು ಮಳೆಗಾಲದಲ್ಲಿ ತಂತಿ ತುಂಡಾಗಿ ಹಳಿ ಕೆಳಗೆ ಬಿದ್ದಿತು. ಹೊಸ ತಂತಿ ಬರುವವರೆಗೆ ಆತ ಅದನ್ನು ಜಗಲಿಯ ಮೇಲೆ ಮಲಗಿಸಿ ಬಡಿದ. ‘ಟಪ್’ ಎಂದಿತೇ ಹೊರತು ನಾದ ಹೊರಡಲಿಲ್ಲ. ಹಳಿ ಅದೇ, ಸಲಾಕೆ ಅದೇ, ಬಡಿದ ಕೈಯೂ ಅದೇ. ಲೋಹದ ನಾದಕ್ಕೆ ಲೋಹದಷ್ಟೇ ಅದನ್ನು ಹಿಡಿದಿಟ್ಟ ಬಗೆಯೂ ಕಾರಣವೆಂಬುದನ್ನು ನಾನು ಅಂದು ಕಲಿತೆ.

ಇಷ್ಟು ವರ್ಷಗಳ ಮೇಲೆ ಆ ಹಳಿ ನೆನಪಾಗಲು ಕಾರಣ ನನ್ನ ಮೇಜಿನ ಮೇಲಿರುವ ಕೀಲಿಮಣೆ. ನನ್ನ ತಂದೆಯವರು ಬರೆದಿಟ್ಟ ಏಳು ದಿನಚರಿ ಪುಸ್ತಕಗಳಿವೆ. ಕಾಗದ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ಅವನ್ನು ಗಣಕಯಂತ್ರಕ್ಕೆ ಏರಿಸಿ ಮುಂದಿನವರ ಕೈಗೆ ಒಪ್ಪಿಸಬೇಕೆಂಬುದು ನನಗುಳಿದಿರುವ ದೊಡ್ಡ ಕೆಲಸ. ಆದರೆ ಎಡಗೈಯ ತೋರುಬೆರಳು ಅರ್ಧ ಪುಟಕ್ಕೇ ನೋಯತೊಡಗಿತು. ವೈದ್ಯರು ಗಂಟಿನ ಸವಕಳಿ ಎಂದರು. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ. ಅದರಲ್ಲಿ ಒತ್ತಕ್ಷರ ಮೂಡಬೇಕಾದರೆ ಪ್ರತಿ ಸಲವೂ ‘ಎಫ್’ ಕೀಲಿಯನ್ನು ಒತ್ತಬೇಕು. ಕನ್ನಡದಲ್ಲಿ ಒತ್ತಕ್ಷರಗಳಿಗೆ ಬರವೇ? ಆ ಹೊರೆಯೆಲ್ಲ ಆ ಒಂದು ಬೆರಳಿನದು.

ನನ್ನ ಪಾಡನ್ನು ಕಂಡ ಮೊಮ್ಮಗ ತನ್ನ ಮೊದಲ ಸಂಬಳದಲ್ಲಿ ಒಂದು ಮೆಕ್ಯಾನಿಕಲ್ ಕೀಲಿಮಣೆಯನ್ನು ಬಿಡಿಭಾಗಗಳಾಗಿ ತಂದು ತಾನೇ ಜೋಡಿಸಿಕೊಟ್ಟ. ನಮ್ಮ ಕಚೇರಿಗಳಲ್ಲಿಯೂ ಅಂಗಡಿಗಳ ಲೆಕ್ಕದ ಮೇಜಿನ ಮೇಲೂ ಬಹುಕಾಲ ಟಕಟಕ ಎಂದ ಟಿವಿಎಸ್ ಗೋಲ್ಡ್ ಕೂಡ ಇದೇ ಜಾತಿಯದು. ಅವನು ತಂದ ಪೆಟ್ಟಿಗೆಯಲ್ಲಿ ಎರಡು ತಗಡುಗಳಿದ್ದವು. ಒಂದು ಹಿತ್ತಾಳೆಯದು, ಇನ್ನೊಂದು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನದು. “ತಾತ, ಹಿತ್ತಾಳೆ ಹಾಕಿದರೆ ದೇವಸ್ಥಾನದ ಗಂಟೆಯ ಹಾಗಿರುತ್ತೆ” ಎಂದು ಉತ್ಸಾಹದಿಂದ ಅದನ್ನೇ ಕೂರಿಸಿದ.

ಈ ತಗಡಿನ ಕೆಲಸವೇನೆಂದು ಹೇಳಿ ಮುಂದುವರಿಯುತ್ತೇನೆ. ಇಂಥ ಕೀಲಿಮಣೆಯಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಪ್ರತ್ಯೇಕ ಸ್ವಿಚ್ಚು ಇರುತ್ತದೆ. ಸುಮಾರು 1.5 ಮಿಲಿಮೀಟರ್ ದಪ್ಪದ ತಗಡಿನಲ್ಲಿ 14 ಮಿಲಿಮೀಟರ್ ಅಳತೆಯ ಚೌಕ ರಂಧ್ರಗಳನ್ನು ಕೊರೆದು ಸ್ವಿಚ್ಚುಗಳನ್ನು ಅದರಲ್ಲಿ ಸಿಕ್ಕಿಸುತ್ತಾರೆ. ಅವುಗಳ ಕಾಲುಗಳು ಕೆಳಗಿನ ಸರ್ಕ್ಯೂಟ್ ಹಲಗೆಯನ್ನು ಸೇರುತ್ತವೆ. ಜರ್ಮನಿಯ ಚೆರ್ರಿ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಎಂಎಕ್ಸ್ ಸ್ವಿಚ್ಚಿನ ಮಾದರಿಯೇ ಇಂದು ಹೆಚ್ಚಾಗಿ ಬಳಕೆಯಲ್ಲಿದೆ. ಅದರ ಕೀಲಿ ಒಟ್ಟು ಸುಮಾರು 4 ಮಿಲಿಮೀಟರ್ ಇಳಿಯುತ್ತದೆ. ಅಕ್ಷರ ಮೂಡಲು 2 ಮಿಲಿಮೀಟರ್ ಸಾಕು. ಉಳಿದರ್ಧ ದೂರವನ್ನೂ ಒತ್ತಿ ತಳಕ್ಕೆ ಗುದ್ದುವವರಿಗೆ ಆ ಪೆಟ್ಟು ತಗಡಿಗೆ ಇಳಿದು, ಅಲ್ಲಿಂದ ಬೆರಳಿಗೂ ಕಿವಿಗೂ ಮರಳುತ್ತದೆ.

ನಾನು ಗುದ್ದುವವರ ಪೈಕಿ. ಹಳೆಯ ಬೆರಳಚ್ಚು ಯಂತ್ರದಲ್ಲಿ ಕಲಿತವನು. ಅಲ್ಲಿ ಮಸಿಪಟ್ಟಿಯ ಮೇಲೆ ಅಚ್ಚು ಬಲವಾಗಿ ಬೀಳದಿದ್ದರೆ ಅಕ್ಷರ ಮಸುಕಾಗುತ್ತಿತ್ತು. ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ.

ಹಿತ್ತಾಳೆಯ ತಗಡಿನ ಸದ್ದು ನಿಜಕ್ಕೂ ಸೊಗಸಾಗಿತ್ತು. ಪ್ರತಿ ಅಕ್ಷರಕ್ಕೂ ತುಂಬಿದ, ಖಚಿತವಾದ ಒಂದು ದನಿ. ಹಿಂದೆಯೇ ತೆಳುವಾದ ಗುಂಯ್‌ಗಾನ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಬೆರಳ ನೋವು ಹೆಚ್ಚಿತು. ಮೊದಲ ಸಂಬಳದ ಕಾಣಿಕೆ ನೋಯಿಸುತ್ತದೆಂದು ಮಗುವಿಗೆ ಹೇಳುವುದು ಹೇಗೆ? ಕೆಲವು ದಿನ ಸುಮ್ಮನಿದ್ದೆ. ಕೊನೆಗೆ ಹೇಳಿದಾಗ ಅವನು ನಕ್ಕು, ಒಂದು ಸಂಜೆ ಕುಳಿತು ಪ್ಲಾಸ್ಟಿಕ್ ತಗಡನ್ನು ಹಾಕಿಕೊಟ್ಟ. ಸದ್ದು ಮಂದವಾಯಿತು, ಮರದ ಮಣೆಯ ಮೇಲೆ ಕವಡೆ ಬಿದ್ದಂತೆ. ಬೆರಳಿಗೆ ಮಾತ್ರ ಕಲ್ಲುನೆಲದಿಂದ ಮಣ್ಣಿನ ಅಂಗಳಕ್ಕೆ ಇಳಿದಂತಾಯಿತು.

ಇದಕ್ಕೆ ಕಾರಣ ಭೌತಶಾಸ್ತ್ರದ ಪಾಠದಲ್ಲಿಯೇ ಇದೆ. ವಸ್ತುವಿನ ಬಿಗಿತವನ್ನು ಗಿಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ಉಕ್ಕಿಗೆ ಸುಮಾರು 200, ಹಿತ್ತಾಳೆಗೆ 100, ಅಲ್ಯೂಮಿನಿಯಮ್ಮಿಗೆ 70, ಸರ್ಕ್ಯೂಟ್ ಹಲಗೆಗೆ ಬಳಸುವ ಗಾಜಿನಾರಿನ ಎಫ್‌ಆರ್-4ಕ್ಕೆ 20ರ ಆಸುಪಾಸು, ಪಾಲಿಕಾರ್ಬನೇಟಿಗೆ ಎರಡೂವರೆಯಷ್ಟೂ ಇಲ್ಲ. ಒಂದೇ ದಪ್ಪದ ತಗಡುಗಳಲ್ಲಿ ಹಿತ್ತಾಳೆಯದಕ್ಕಿಂತ ಪಾಲಿಕಾರ್ಬನೇಟಿನದು ಸುಮಾರು ನಲವತ್ತು ಪಟ್ಟು ಸುಲಭವಾಗಿ ಬಾಗುತ್ತದೆ ಎಂದಾಯಿತು. ಬಾಗುವ ತಗಡು ಪೆಟ್ಟನ್ನು ಒಂದಿಷ್ಟು ಕಾಲಕ್ಕೆ ಹಂಚಿ ತಗ್ಗಿಸುತ್ತದೆ; ಬಾಗದ್ದು ಒಮ್ಮೆಗೇ ಹಿಂದಿರುಗಿಸುತ್ತದೆ.

ಶಬ್ದದ ಲೆಕ್ಕ ಬೇರೆ. ಒಂದೇ ಆಕಾರದ ಬರಿಯ ತಗಡುಗಳ ಕಂಪನ ಬಿಗಿತವೊಂದನ್ನೇ ನೆಚ್ಚಿಕೊಂಡಿಲ್ಲ. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಉಕ್ಕು ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟು ಬಿಗಿ, ಭಾರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಆದ್ದರಿಂದ ಎರಡರ ಸ್ವರ ಬಹುಮಟ್ಟಿಗೆ ಒಂದೇ. ಹಿತ್ತಾಳೆ ಅಲ್ಯೂಮಿನಿಯಮ್ಮಿಗಿಂತ ಬಿಗಿಯಾದರೂ ಅದರ ಭಾರ ಇನ್ನೂ ಹೆಚ್ಚು. ಹಾಗಾಗಿ ಅದರ ಕಂಪನಸಂಖ್ಯೆ ಅಲ್ಯೂಮಿನಿಯಮ್ಮಿನದರ ಮೂರನೆಯ ಎರಡು ಭಾಗದಷ್ಟು. ‘ಗಟ್ಟಿ ತಗಡು, ಎತ್ತರದ ಸ್ವರ’ ಎಂಬ ಸರಳ ಸೂತ್ರ ಇಲ್ಲಿಯೇ ಸೋಲುತ್ತದೆ. ಪ್ಲಾಸ್ಟಿಕ್ಕಿನದು ಇನ್ನೂ ತಗ್ಗು, ಜೊತೆಗೆ ತನ್ನ ಕಂಪನವನ್ನು ತಾನೇ ಬೇಗ ನುಂಗಿಕೊಳ್ಳುತ್ತದೆ.

ಆದರೆ ಕೀಲಿಮಣೆಯೊಳಗಿನ ತಗಡು ಬರಿಯ ತಗಡಲ್ಲ. ಹತ್ತಾರು ಸ್ವಿಚ್ಚುಗಳು ಅದಕ್ಕೆ ಕಚ್ಚಿಕೊಂಡಿವೆ, ಸ್ಕ್ರೂಗಳು ಬಿಗಿದಿವೆ, ಕೆಳಗೆ ಪೆಟ್ಟಿಗೆಯ ಪೊಳ್ಳಿದೆ. ಜಗಲಿಯ ಮೇಲೆ ಮಲಗಿದ ಹಳಿಯ ಕಥೆ ಇಲ್ಲಿಯೂ ನಿಜ. ಇದನ್ನು ಪರೀಕ್ಷಿಸಲು ಕಾಸು ಖರ್ಚಿಲ್ಲ. ಒಂದು ದಪ್ಪ ಟವೆಲನ್ನು ಮಡಿಸಿ ಕೀಲಿಮಣೆಯ ಕೆಳಗಿಟ್ಟು ಒಂದು ಸಾಲು ಬರೆದು ನೋಡಿ. ಮೇಜಿನ ಸದ್ದು ಅಡಗಿ ದನಿಯೇ ಬದಲಾಗುತ್ತದೆ. ಬೆರಳಚ್ಚು ಶಾಲೆಗಳಲ್ಲಿ ಯಂತ್ರದ ಕೆಳಗೆ ದಪ್ಪ ಬಟ್ಟೆಯ ಹಾಸನ್ನು ಇಡುತ್ತಿದ್ದುದೂ ಇದಕ್ಕಾಗಿಯೇ.

ನನ್ನ ಅಭಿಪ್ರಾಯ ಇಷ್ಟೆ. ತಗಡನ್ನು ಆರಿಸುವಾಗ ಬೆರಳನ್ನು ಮೊದಲು ಕೇಳಬೇಕು, ಕಿವಿಯನ್ನು ಆಮೇಲೆ. ಸದ್ದನ್ನು ತಿದ್ದಲು ಹಾಸು, ಪೆಟ್ಟಿಗೆಯೊಳಗೆ ತುಂಬುವ ಸ್ಪಂಜು, ದಪ್ಪನೆಯ ಕೀಲಿಟೊಪ್ಪಿಗೆ, ಹೀಗೆ ಹತ್ತು ಅಗ್ಗದ ಉಪಾಯಗಳಿವೆ. ಗಟ್ಟಿಯಾಗಿ ಸ್ಕ್ರೂ ಬಿಗಿದ ಲೋಹದ ತಗಡಿನ ಪೆಟ್ಟನ್ನು ಮೆದುಗೊಳಿಸಲು ಅಷ್ಟು ದಾರಿಗಳಿಲ್ಲ. ಹೀಗಿದ್ದೂ ಕೊಳ್ಳುವವರು ಧ್ವನಿಮುದ್ರಣಗಳನ್ನು ಕೇಳಿ ತಗಡನ್ನು ನಿರ್ಧರಿಸುತ್ತಿದ್ದಾರೆ. ಆ ಮುದ್ರಣದಲ್ಲಿ ಕೇಳುವುದು ಬೇರೊಬ್ಬರ ಮೇಜು, ಬೇರೊಬ್ಬರ ಕೋಣೆ, ಬೇರೊಬ್ಬರ ಕೈ. ನಮ್ಮ ಬೆರಳಿಗೆ ತಾಗುವುದು ಅದರಲ್ಲಿ ಏನೂ ಇಲ್ಲ.

ಎದುರು ವಾದವೂ ಇದೆ, ಅದನ್ನು ಮುಚ್ಚಿಡಬಾರದು. ಹಗುರವಾಗಿ, ತಳಕ್ಕೆ ಗುದ್ದದೆ ಬರೆಯುವವರಿಗೆ ಲೋಹದಿಂದ ತೊಂದರೆಯಿಲ್ಲ. ಎಲ್ಲ ಕೀಲಿಗಳೂ ಒಂದೇ ಸಮನಾಗಿ ತೋರುವ ಲಾಭವೂ ಉಂಟು. ಮೆದು ತಗಡು ಸ್ಕ್ರೂಗಳ ಬಳಿ ಗಟ್ಟಿ, ನಡುವೆ ಮೆತ್ತಗೆ. ಕೆಲವರಿಗೆ ಅದು ಕೆಸರಿನಲ್ಲಿ ನಡೆದಂತೆ. ತಗಡಿನ ಅಂಚಿಗೆ ರಬ್ಬರು ಪಟ್ಟಿಗಳನ್ನಿಟ್ಟು ಕೂರಿಸುವ ‘ಗ್ಯಾಸ್ಕೆಟ್’ ವಿಧಾನದಲ್ಲಿ ಹಿತ್ತಾಳೆಯೂ ತುಸು ಜಗ್ಗಬಲ್ಲದು. ಹಾಗೆಯೇ ಪ್ಲಾಸ್ಟಿಕ್ ತಗಡು ಗಂಟುನೋವಿಗೆ ಮದ್ದೆಂದು ಯಾರೂ ಭಾವಿಸಬಾರದು. ನಾನು ಅದರ ಜೊತೆಗೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುತ್ತೇನೆ; ಗುದ್ದುವ ಚಾಳಿಯನ್ನು ಬಿಡಲು ಹೆಣಗುತ್ತಿದ್ದೇನೆ.

ಮೂರು ದಿನಚರಿಗಳು ಮುಗಿದಿವೆ, ನಾಲ್ಕು ಉಳಿದಿವೆ. ದಿನಕ್ಕೆ ಎರಡು ಪುಟ ಸಾಗುತ್ತಿದೆ. ಹಿತ್ತಾಳೆಯ ತಗಡನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಮೊಮ್ಮಗ ರಜೆಗೆ ಬಂದಾಗ ತನ್ನ ಕೀಲಿಮಣೆಗೆ ಹಾಕಿಕೊಳ್ಳಲಿ. ಅವನ ಬೆರಳು ಹಗುರ. ಬೆರಳಚ್ಚು ಯಂತ್ರವನ್ನು ಅವನು ಮುಟ್ಟಿಯೇ ಇಲ್ಲ.