ದೂರ ನಿಲ್ಲಲು ಬಿಡುವ ಕ್ಯಾಮೆರಾನೇ ಕೊಳ್ಳಿ

ಮಧುರೆ ಸುತ್ತಮುತ್ತಲ ಹುಡುಗರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಕೆರೆ ಹಕ್ಕಿಗಳ ವಿಡಿಯೊ ಮಾಡಬೇಕು, ಯಾವ ಕ್ಯಾಮೆರಾ ತಗೊಳ್ಳೋದು?

ಫೋನ್ ಸಾಲದು. ಏರಿ ಮೇಲೆ ನಿಂತು ನೀರಿನ ನಡುವಿನ ಗುಳುಮುಳುಕನನ್ನು ಹಿಡಿದರೆ ಪರದೆಯಲ್ಲಿ ಸಾಸಿವೆ ಕಾಳಷ್ಟು ಚುಕ್ಕೆ. ಆಗ ಯಾರಾದರೂ ಇನ್ನಷ್ಟು ಹತ್ತಿರ ಹೋಗುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಟಿಟ್ಟಿಭವನ್ನೇ ನೋಡಿ. ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ ಅದು. ಬೇಸಿಗೆಯಲ್ಲಿ ಕಲ್ಲುಮಣ್ಣಿನ ಬಯಲಲ್ಲೇ ಮೊಟ್ಟೆ ಇಡುತ್ತದೆ. ನಾವು ಅಲ್ಲಿ ನಿಂತಷ್ಟು ಹೊತ್ತೂ ತಾಯಿ ತಲೆ ಮೇಲೆ ಕೂಗುತ್ತಾ ಸುತ್ತುತ್ತದೆ, ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಕಾಗೆ ಹೊಂಚು ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನೇ ಬೇಟೆಗಾರ ಅಂದುಕೊಂಡಿದ್ದರೆ ಅದು ತಪ್ಪು.

ಅದಕ್ಕೇ ನಾವು ಹೇಳುವುದು, ಮೆಗಾಪಿಕ್ಸೆಲ್ ಲೆಕ್ಕ ಬಿಡಿ, ಆಪ್ಟಿಕಲ್ ಜೂಮ್ ಎಷ್ಟು ಅಂತ ಕೇಳಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಡಿಜಿಟಲ್ ಜೂಮ್ ನಂಬಬೇಡಿ, ಅದು ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಆಟ. ಸೋನಿ ಸಿಎಕ್ಸ್405 ಹ್ಯಾಂಡಿಕ್ಯಾಮ್‌ಗೆ 30 ಪಟ್ಟು ಆಪ್ಟಿಕಲ್ ಜೂಮ್ ಇದೆ. ಕ್ಯಾಮ್‌ಕಾರ್ಡರ್ ಅಲ್ಲದಿದ್ದರೂ ವಿಡಿಯೊ ಮಾಡುವ ನಿಕಾನ್ ಪಿ900ಗೆ 83 ಪಟ್ಟು, ಪಿ1000ಗೆ 125 ಪಟ್ಟು. ಹ್ಯಾಂಡಿಕ್ಯಾಮ್ ಹಗುರ, ಜೂಮ್ ನುಣುಪಾಗಿ ಸರಿಯುತ್ತದೆ. ಆದರೆ ಸೆನ್ಸರ್ ಪುಟ್ಟದು, ನಸುಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಕಣ್ಣಿಟ್ಟು ನೋಡುವ ಕಿಂಡಿಯೂ ಈ ಮಾದರಿಗೆ ಇಲ್ಲ, ನೀರಿನ ಮೇಲಿನ ಬಿಸಿಲಿಗೆ ಪರದೆ ಕಾಣುವುದೇ ಇಲ್ಲ. ಹೊರಗಿನ ಮೈಕ್ ಸಿಕ್ಕಿಸುವ ಜಾಗ ಇದಕ್ಕೂ ಇಲ್ಲ, ಪಿ900ಗೂ ಇಲ್ಲ. ಹಕ್ಕಿ ಕೂಗು ಬೇಕೆನ್ನುವವರು ಪಿ1000 ನೋಡಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಸಾಲ ಮಾಡಿ ಹೊಸದು ಕೊಳ್ಳುವುದು ಬೇಡ.

ಉಳಿದ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತನ್ನಿ. 60 ಪಟ್ಟು ಹಿಗ್ಗಿಸಿದರೆ ಕೈ ನಡುಕವೂ ಅಷ್ಟೇ ಹಿಗ್ಗುತ್ತದೆ. ಕೊಳ್ಳುವ ಮೊದಲು ಕ್ಯಾಮೆರಾವನ್ನು ಅಂಗಡಿಯಿಂದ ಹೊರಗೆ ತಂದು, ರಸ್ತೆಯಾಚೆ ತಂತಿ ಮೇಲಿನ ಕಾಗೆಯನ್ನು ಪೂರ್ತಿ ಜೂಮ್‌ನಲ್ಲಿ ಎರಡು ನಿಮಿಷ ಹಿಡಿದು ನೋಡಿ. ಫೋಕಸ್ ಹಿಂದೆಮುಂದೆ ತಡಕಾಡಿದರೆ ವಾಪಸ್ ಕೊಟ್ಟುಬಿಡಿ.

4ಕೆ ಮೋಹವೂ ಬೇಡ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 45 ಜಿಬಿ ಕಾರ್ಡ್ ತುಂಬುತ್ತದೆ. 28 ಮೆಗಾಬಿಟ್‌ನ ಫುಲ್ ಎಚ್‌ಡಿಗೆ 13 ಜಿಬಿಯೊಳಗೆ ಮುಗಿಯುತ್ತದೆ, ಫೋನಿನಲ್ಲಿ ನೋಡುವವರಿಗೆ ಅದು ಧಾರಾಳ. ಸೆಕೆಂಡಿಗೆ 50 ಫ್ರೇಮ್ ಇಟ್ಟರೆ ಮಿಂಚುಳ್ಳಿಯ ರೆಕ್ಕೆಯೂ ಚೆನ್ನಾಗಿ ಸಿಗುತ್ತದೆ.

ಬಿಸಿಲೇರಿದರೆ ನೀರಿನ ಮೇಲಿನ ಗಾಳಿ ಕುದಿಯುವಂತೆ ಕಾಣುತ್ತದೆ, ಆಗ ಯಾವ ಜೂಮೂ ಕೆಲಸಕ್ಕೆ ಬಾರದು. ಬೆಳಿಗ್ಗೆಯೇ ಹೋಗಿ. ಶನಿವಾರ ಮಾತ್ರ ಬೇಡ, ಶನಿಮಹಾತ್ಮನ ಗುಡಿಗೆ ಬರುವ ಜನ, ವಾಹನದ ಸದ್ದೇ ನಿಮ್ಮ ವಿಡಿಯೊದಲ್ಲಿ ತುಂಬಿರುತ್ತದೆ. ಗೂಡಿನ ವಿಡಿಯೊ ಸಿಕ್ಕಿದರೆ ಮರಿ ಹಾರಿಹೋಗುವ ತನಕ ಗ್ರೂಪಿಗೆ ಹಾಕಬೇಡಿ, ಹಾಕುವಾಗಲೂ ಜಾಗದ ಗುರುತು ಕೊಡಬೇಡಿ.